ಮಾಳಿಗೆಯ ಪದ



ಕಳೆದ ತಿಂಗಳು ರಾಣೇಬೆನ್ನೂರಿನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಯೋಗಕ್ಷೇಮದ ಮಾತುಗಳಾದ ಮೇಲೆ, “ಸರ್, ನೀವು ಒಂಬತ್ತನೇ ಇಯತ್ತೆಯಲ್ಲಿ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಹೇಳಿಕೊಟ್ಟದ್ದು ಇನ್ನೂ ನೆನಪಿದೆ. ಮನೆ ಅಂದರೆ ದೇಹ, ಸೋರುವುದು ಅಂದರೆ ಅಜ್ಞಾನ ಅಂತ ಕರಿಹಲಗೆಯ ಮೇಲೆ ಬರೆದಿದ್ದಿರಿ” ಎಂದ. ಮೂವತ್ತು ವರ್ಷ ದಾಟಿದ ಪಾಠವೊಂದು ಒಬ್ಬನ ಮನಸ್ಸಿನಲ್ಲಿ ಉಳಿದಿದೆಯೆಂದರೆ ಯಾವ ಶಿಕ್ಷಕನಿಗೆ ಸಂತೋಷವಾಗದು? ನನಗೂ ಆಯಿತು. ಆದರೆ ಫೋನ್ ಇಟ್ಟ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಆ ಪದದ ಅರ್ಥವನ್ನು ನಾನು ನೂರಾರು ಮಕ್ಕಳಿಗೆ ಹೇಳಿದ್ದೇನೆ. ಆ ಪದಕ್ಕೂ ನನಗೂ ಇರುವ ಸಂಬಂಧವನ್ನು ಮಾತ್ರ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಹುಟ್ಟಿದ್ದು 1959ರಲ್ಲಿ, ಬ್ಯಾಡಗಿಯ ಒಂದು ಮಾಳಿಗೆ ಮನೆಯಲ್ಲಿ. ಈಗಿನ ಮಕ್ಕಳಿಗೆ ಮಾಳಿಗೆ ಎಂದರೆ ಮಹಡಿ ಎಂಬ ಅರ್ಥ ಮಾತ್ರ ಗೊತ್ತು. ನಮ್ಮ ಕಡೆಯ ಮಾಳಿಗೆ ಎಂದರೆ ಮಣ್ಣಿನ ಚಪ್ಪಟೆ ಮಾಡು. ದಪ್ಪನೆಯ ಗೋಡೆಗಳ ಮೇಲೆ ಬೇವಿನ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತಾಗಿ ಹೊಂದಿಸಿದ ಕಟ್ಟಿಗೆ, ಅದರ ಮೇಲೆ ಸೊಪ್ಪು, ಎಲ್ಲಕ್ಕಿಂತ ಮೇಲೆ ಗೇಣು ದಪ್ಪಕ್ಕೂ ಮಿಕ್ಕಿ ಬಡಿದು ಕೂರಿಸಿದ ಮಣ್ಣು. ನಡುವೆ ಒಂದು ಬೆಳಕಿಂಡಿ. ಬೇಸಿಗೆಯಲ್ಲಿ ಇಂಥ ಮನೆಯಷ್ಟು ತಂಪು ಬೇರೆಲ್ಲಿಯೂ ಇಲ್ಲ. ಆದರೆ ಅದು ಪ್ರತಿವರ್ಷವೂ ಆರೈಕೆ ಬೇಡುವ ಮನೆ. ಯುಗಾದಿ ಕಳೆದು ರೋಹಿಣಿ ಮಳೆ ಬರುವುದರೊಳಗಾಗಿ ಮೇಲೆ ಬೆಳೆದ ಗರಿಕೆಯನ್ನು ಬೇರುಸಹಿತ ಕೀಳಬೇಕು, ಇರುವೆಗಳು ತೋಡಿದ ತೂತುಗಳನ್ನು ಮುಚ್ಚಬೇಕು, ಸವಳು ಮಣ್ಣು ತಂದು ಹರಡಿ ಬಡಿಯಬೇಕು. ಒಂದು ವರ್ಷ ತಪ್ಪಿಸಿದರೆ ಆರಿದ್ರಾ ಮಳೆಯ ಹೊತ್ತಿಗೆ ಮನೆಯೊಳಗೆ ಕೊಡ, ಬೋಗಾಣಿ, ಪರಾತಗಳನ್ನೆಲ್ಲ ಅಲ್ಲಲ್ಲಿ ಇಟ್ಟುಕೊಂಡು ರಾತ್ರಿ ಕಳೆಯಬೇಕು. ಒಂದೊಂದು ಪಾತ್ರೆಗೆ ಒಂದೊಂದು ಸದ್ದು. ಆ ಸದ್ದುಗಳನ್ನು ಕೇಳುತ್ತಲೇ ನಾವು ಅಣ್ಣತಮ್ಮಂದಿರು ನಿದ್ದೆ ಹೋಗುತ್ತಿದ್ದೆವು.

ಅಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಸುಗ್ಗಿಯ ದಿನಗಳಲ್ಲಿ ಊರಿಗೆ ಊರೇ ಕೆಂಪಾಗುವ ಬ್ಯಾಡಗಿಯಲ್ಲಿ ಆ ಘಾಟನ್ನು ಉಸಿರಾಡಿ ಉಸಿರಾಡಿ ಅಪ್ಪನ ದನಿ ಒಡೆದಿತ್ತು. ಆದರೂ ಸೋಮವಾರ ರಾತ್ರಿ ಓಣಿಯ ಬಸವಣ್ಣನ ಗುಡಿಯ ಭಜನೆಯಲ್ಲಿ ಕಡೆಯ ಪದ ಅವರದೇ. ಒಬ್ಬರು ಏಕತಾರಿ ಹಿಡಿಯುತ್ತಿದ್ದರು, ಇನ್ನೊಬ್ಬರು ದಮ್ಮಡಿ ಬಾರಿಸುತ್ತಿದ್ದರು. ಅಪ್ಪ ಕಣ್ಣುಮುಚ್ಚಿ ಮಾಳಿಗೆಯ ಪದವನ್ನು ಎತ್ತಿಕೊಳ್ಳುತ್ತಿದ್ದರು. ನಾನು ಅವರ ತೊಡೆಗೆ ಒರಗಿ ಕುಳಿತು ಕೇಳುತ್ತಿದ್ದೆ. ಅದರಲ್ಲಿ ಬರುವ ತೊಲೆ, ಜಂತಿ, ಗರಿಕೆ, ಇರುವೆ ಎಲ್ಲವೂ ನಮ್ಮ ಮನೆಯವೇ. ಆದ್ದರಿಂದ ಆ ಪದವನ್ನು ಅಪ್ಪನೇ ನಮ್ಮ ಮನೆಯ ಮೇಲೆ ಕಟ್ಟಿದ್ದಾರೆಂದು ನಾನು ಬಹಳ ವರ್ಷ ನಂಬಿದ್ದೆ. ಶಿಶುನಾಳ ಶರೀಫರೆಂಬ ಹೆಸರು ತಿಳಿದದ್ದು ಆಮೇಲೆ.

ಶಿಶುನಾಳ ನಮಗೆ ದೂರದ ಊರಲ್ಲ. ಆಗ ಅವಿಭಜಿತ ಧಾರವಾಡ ಜಿಲ್ಲೆಗೆ ಸೇರಿದ್ದು, 1997ರಿಂದ ನಮ್ಮ ಹಾವೇರಿ ಜಿಲ್ಲೆಯದೇ ಆದ ಶಿಗ್ಗಾವಿ ತಾಲೂಕಿನ ಹಳ್ಳಿ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ಮುಲ್ಕಿ ಪರೀಕ್ಷೆ ಪಾಸು ಮಾಡಿ ಕೆಲವು ಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ನೌಕರಿ ಬಿಟ್ಟು ಕಳಸದ ಗುರು ಗೋವಿಂದ ಭಟ್ಟರ ಬೆನ್ನುಹತ್ತಿದರು. “ಇವರು ನಮ್ಮ ಇಲಾಖೆಯವರೇ ಕಣ್ರಪ್ಪಾ, ಧೈರ್ಯ ಮಾಡಿ ನೌಕರಿ ಬಿಟ್ಟರು, ನನಗೆ ಆಗಲಿಲ್ಲ” ಎಂದು ನಾನು ತರಗತಿಯಲ್ಲಿ ನಗಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮುಸಲ್ಮಾನರ ಮನೆಯಲ್ಲಿ ಹುಟ್ಟಿ ಬ್ರಾಹ್ಮಣ ಗುರುವಿನ ಶಿಷ್ಯನಾದ ಆ ಮಾಸ್ತರರ ಗದ್ದುಗೆಗೆ ಇಂದಿಗೂ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ.

ಧಾರವಾಡದಲ್ಲಿ ಬಿ.ಎಡ್. ಮುಗಿಸಿ 1984ರಲ್ಲಿ ನಾನು ರಾಣೇಬೆನ್ನೂರಿನ ಪ್ರೌಢಶಾಲೆಯೊಂದಕ್ಕೆ ಕನ್ನಡ ಶಿಕ್ಷಕನಾಗಿ ಸೇರಿದೆ. ಮೂರು ವರ್ಷಗಳ ತರುವಾಯ ಬಾಕಿ ಸಂಬಳ ಒಟ್ಟಿಗೆ ಕೈಗೆ ಬಂದಾಗ ಒಂದು ಟೇಪ್ ರೆಕಾರ್ಡರ್ ಕೊಂಡೆ. ಅದರ ಜೊತೆಯಲ್ಲಿ ತಂದ ಮೊದಲ ಕ್ಯಾಸೆಟ್ ಶರೀಫರ ಗೀತೆಗಳದು. ಹೀಗೆ ನನ್ನ ಬಾಳಿನೊಳಗೆ ಸಿ. ಅಶ್ವಥ್ ಅವರ ದನಿ ಬಂತು.

ಇಂದಿನವರಿಗಾಗಿ ಎರಡು ಮಾತು ಹೇಳಬೇಕು. ಶರೀಫರ ಪದಗಳು ನಮ್ಮ ಕಡೆಯ ಭಜನಾ ಮೇಳಗಳಲ್ಲಿ ಬಾಯಿಂದ ಬಾಯಿಗೆ ಬದುಕಿಕೊಂಡು ಬಂದಿದ್ದವು. ಅವುಗಳನ್ನು ಆರಿಸಿ, ಪಾಠ ಸರಿಪಡಿಸಿ ನಾಡಿನ ಗಮನಕ್ಕೆ ತಂದವರಲ್ಲಿ ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಮುಖ್ಯರು. ಆ ಕೆಲಸಕ್ಕಾಗಿಯೇ ಜನ ಅವರನ್ನು ‘ಶರೀಫ ಭಟ್ಟ’ರೆಂದು ಕರೆದರು. ಆ ಪದಗಳಿಗೆ ಹೊಸ ರಾಗಸಂಯೋಜನೆ ಮಾಡಿ ಹಾಡಿದವರು ಅಶ್ವಥ್. ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ 1939ರ ಡಿಸೆಂಬರ್ 29ರಂದು ಹುಟ್ಟಿದವರು, ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ನೌಕರಿ ಮಾಡುತ್ತಲೇ ಸಂಗೀತವನ್ನು ಹಚ್ಚಿಕೊಂಡವರು. ಸುಗಮ ಸಂಗೀತವೆಂದರೆ ನಯವಾಗಿ, ತುಟಿ ಮೀರದಂತೆ ಹಾಡುವುದು ಎಂದುಕೊಂಡಿದ್ದ ನಮಗೆ ಅವರ ಎದೆಬಿಚ್ಚಿದ ದನಿ ಒಂದು ಆಶ್ಚರ್ಯ. ರಾಣೇಬೆನ್ನೂರಿನ ನನ್ನ ಬಾಡಿಗೆ ಖೋಲಿಯಲ್ಲಿ ಆ ಕ್ಯಾಸೆಟ್ಟನ್ನು ಒಂದೇ ರಾತ್ರಿ ನಾಲ್ಕು ಸಲ ಕೇಳಿದೆ. ಮರುದಿನ ಪಕ್ಕದ ಖೋಲಿಯವರು ಶರೀಫರನ್ನು ಸ್ವಲ್ಪ ಮೆಲ್ಲಗೆ ಮಾತಾಡಿಸಲು ಹೇಳಿದರು.

ಶನಿವಾರ ಮಧ್ಯಾಹ್ನದ ರೈಲಿಗೆ ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಬ್ಯಾಡಗಿಗೆ ಹೋದೆ. ಅಪ್ಪನಿಗೆ ಮಾಳಿಗೆಯ ಪದ ಕೇಳಿಸಬೇಕು, ಅವರು ಬೆರಗಾಗಬೇಕು ಎಂಬ ಆಸೆ. ಅಪ್ಪ ಗೋಡೆಗೆ ಒರಗಿ, ಎಲೆ ಅಡಿಕೆ ಮೆಲ್ಲುತ್ತ ಪೂರ್ತಿ ಕೇಳಿದರು. ಮುಗಿದ ಮೇಲೆ ಹೇಳಿದರು:

“ಬ್ಯಾಡಗಿ ಕಾಯಿ ಇದ್ದಂಗ ಐತಿ ಇವನ ಹಾಡಿಕಿ. ಬಣ್ಣ ಭಾಳ, ಖಾರ ಕಡಿಮಿ.”

ನನಗೆ ಬಹಳ ಬೇಸರವಾಯಿತು. ಇವರಿಗೆ ತಮ್ಮ ಭಜನೆಯ ಧಾಟಿಯ ಹೊರತು ಬೇರೇನೂ ಹಿಡಿಸುವುದಿಲ್ಲ, ಹೊಸದನ್ನು ಕೇಳುವ ಕಿವಿಯೇ ಇಲ್ಲ ಎಂದುಕೊಂಡೆ. ಓದಿದ ಮಗನ ಜಂಭವದು. ವಾದ ಮಾಡಿದೆ. ಅಪ್ಪ ನಕ್ಕು ಸುಮ್ಮನಾದರು. ಆದರೆ 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಾಗ ಕರೆಯದೆಯೇ ರಾಣೇಬೆನ್ನೂರಿಗೆ ಬಂದಿಳಿದರು. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿ ಅಭಿನಯಿಸಿದ್ದ, ಅಶ್ವಥ್ ಸಂಗೀತ ನೀಡಿದ್ದ ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ದೊರೆಯಿತು. ಚಿತ್ರಮಂದಿರದ ಬಾಗಿಲಲ್ಲಿ ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದರು. ಹೊರಗೆ ಬಂದಾಗ ಚಪ್ಪಲಿ ಇರಲಿಲ್ಲ. “ಹೋಗ್ಲಿ ಬಿಡು, ಶರೀಫಜ್ಜನ ಕಾಣಿಕಿ” ಎಂದು ಬರಿಗಾಲಲ್ಲಿಯೇ ಸ್ಟೇಶನ್ನಿಗೆ ನಡೆದರು.

ಇನ್ನು ಮುಂದಿನದು ಹೇಳಲು ಕಷ್ಟವಾದ ಭಾಗ.

1992ರಲ್ಲಿ ನನಗೆ ಹಾವೇರಿಗೆ ವರ್ಗವಾಯಿತು. ಅಲ್ಲಿಯೇ ಒಂದು ನಿವೇಶನ ಕೊಂಡು, ಸಾಲ ಮಾಡಿ ಆರ್.ಸಿ.ಸಿ. ಮನೆ ಕಟ್ಟಿಸಿದೆ. ಹಣ ಸಾಲದೆ ಮೇಲೆ ಹೋಗಲು ಮೆಟ್ಟಿಲು ಕಟ್ಟಿಸಲಿಲ್ಲ, ಅಷ್ಟೇ. 1994ರ ಬೇಸಿಗೆಯಲ್ಲಿ ಗೃಹಪ್ರವೇಶವಾಯಿತು. ಅಣ್ಣ ನೌಕರಿಯ ಮೇಲೆ ಮಹಾರಾಷ್ಟ್ರದಲ್ಲಿದ್ದ. ಬ್ಯಾಡಗಿಯ ಮನೆಯಲ್ಲಿ ಅಪ್ಪ ಅವ್ವ ಇಬ್ಬರೇ. ಅಪ್ಪನಿಗೆ ಆಗ ಅರವತ್ತೆಂಟು. ನಮ್ಮ ಜೊತೆ ಬಂದು ಇರಿ ಎಂದು ಕರೆದೆ. “ಈ ಮನಿ ಬಿಟ್ಟು ಎಲ್ಲಿಗೆ ಬರೂದು ತಮ್ಮಾ” ಎಂದರು. ಎರಡು ಸಲ ಕರೆದೆ, ಮೂರು ಸಲ ಕರೆದೆ. ಬರಲಿಲ್ಲ.

ಪ್ರತಿವರ್ಷ ಏಪ್ರಿಲ್ ರಜೆಯಲ್ಲಿ ನಾನು ಬ್ಯಾಡಗಿಗೆ ಹೋಗಿ ಆಳುಗಳನ್ನು ಕರೆದು ಮಾಳಿಗೆಗೆ ಮಣ್ಣು ಹಾಕಿಸಿ ಬರುತ್ತಿದ್ದೆ. ಆ ವರ್ಷ ಹೋಗಲಿಲ್ಲ. ಅಪ್ಪ ಕಾಗದ ಬರೆದರು. ಮನೆ ಕೆಲಸ ಮುಗಿದಿಲ್ಲ, ಮುಂದಿನ ವಾರ ಬರುತ್ತೇನೆ ಎಂದು ಉತ್ತರ ಬರೆದೆ. ಇನ್ನೊಂದು ಕಾಗದ ಬಂತು. ಶಾಲೆ ಶುರುವಾಗಿದೆ, ರವಿವಾರ ನೋಡೋಣ ಎಂದೆ. ಇವೆಲ್ಲ ನೆಪಗಳು. ಮನಸ್ಸಿನೊಳಗೆ ಇದ್ದದ್ದು ಬೇರೆಯೇ ಲೆಕ್ಕ. ಒಂದು ಮಳೆಗಾಲ ಚೆನ್ನಾಗಿ ಸೋರಲಿ, ಆಗ ತಾವಾಗಿಯೇ ಹಾವೇರಿಗೆ ಬರುತ್ತಾರೆ ಎಂಬುದು ಆ ಲೆಕ್ಕ. ಅವರ ಒಳ್ಳೆಯದಕ್ಕೇ ಅಲ್ಲವೇ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡಿದ್ದೆ.

ಜುಲೈ ಮೊದಲ ವಾರ, ಆರಿದ್ರಾ ಮಳೆ ಹಿಡಿಯಿತು. ಬ್ಯಾಡಗಿಯಿಂದ ಬೆಳಗಿನ ಬಸ್ಸಿಗೆ ಬಂದ ನೆರೆಮನೆಯ ಹುಡುಗನೊಬ್ಬ ಶಾಲೆಯ ಬಾಗಿಲಲ್ಲಿ ನಿಂತಾಗ ನಾನು ಪಾಠ ಮಾಡುತ್ತಿದ್ದೆ. ಅದೇ ಪದವನ್ನು ಪಾಠ ಮಾಡುತ್ತಿದ್ದೆ ಎಂದರೆ ಕಥೆಗೆ ಒಪ್ಪುತ್ತದೆ. ಅಂದು ಹೇಳುತ್ತಿದ್ದುದು ಸಮಾಸ ಪ್ರಕರಣ. ಹಿಂದಿನ ರಾತ್ರಿ ಅಡುಗೆಮನೆಯ ಮೇಲೆ ಧಾರೆಯಾಗಿ ಸೋರತೊಡಗಿದೆ. ಅಪ್ಪ ಒಂದು ಕೈಯಲ್ಲಿ ಕಂದೀಲು, ಇನ್ನೊಂದು ಕೈಯಲ್ಲಿ ತಾಡಪತ್ರಿ ಹಿಡಿದು ನಿಚ್ಚಣಿಕೆ ಹತ್ತಿದ್ದಾರೆ. ತಾಡಪತ್ರಿಯನ್ನು ಹೊದಿಸಿ, ನಾಲ್ಕೂ ಮೂಲೆಗೆ ಕಲ್ಲು ಇಟ್ಟು, ಇಳಿಯುವಾಗ ಕಾಲು ಜಾರಿ ಅಂಗಳಕ್ಕೆ ಬಿದ್ದಿದ್ದಾರೆ. ಸೊಂಟದ ಮೂಳೆ ಮುರಿದಿತ್ತು. ಹುಬ್ಬಳ್ಳಿಗೆ ಒಯ್ದೆವು. ಎರಡು ತಿಂಗಳ ಬಳಿಕ ಅಪ್ಪನನ್ನು ಹಾವೇರಿಯ ಹೊಸ ಮನೆಗೆ ಕರೆತಂದೆ. ನಾನು ಹಾಕಿದ ಲೆಕ್ಕ ಹೀಗೆ ಫಲಿಸಿತು.

ಆಮೇಲೆ ಅಪ್ಪ ಬದುಕಿದ್ದು ಎರಡು ವರ್ಷ. ಮಂಚ ಬಿಟ್ಟು ಎದ್ದು ಓಡಾಡಲಿಲ್ಲ. ಹಾಡಲೂ ಇಲ್ಲ. ಸಂಜೆ ನಾನು ಶಾಲೆಯಿಂದ ಬರುತ್ತಲೇ, “ಆ ನಿನ್ನ ಡಬ್ಬಿ ಹಚ್ಚು” ಎನ್ನುತ್ತಿದ್ದರು. ಮಾಳಿಗೆಯ ಪದ ಬಂದಾಗ ಮಂಚದ ಪಟ್ಟಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಆ ಪದ ಬರುವ ಕಡೆ ಟೇಪು ಸವೆದು, ಅಶ್ವಥ್ ಅವರ ದನಿ ಕಡೆಕಡೆಗೆ ನೀರಿನೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಒಂದು ದಿನ ನಾನು, “ಬಣ್ಣ ಭಾಳ, ಖಾರ ಕಡಿಮಿ ಅಂದಿದ್ರಿ. ಈಗ ದಿನಾ ಇದ ಬೇಕಂತೀರಿ” ಎಂದೆ. ಅಪ್ಪ ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು.

“ಹುಚ್ಚಾ, ಬ್ಯಾಡಗಿ ಕಾಯಿಗೆ ರೊಕ್ಕ ಬರೂದು ಎದಕ್ಕ? ಖಾರಕ್ಕೇನು? ಬಣ್ಣಕ್ಕ ಅಲ್ಲೇನು?”

ಏಳು ವರ್ಷ ಬೈಗುಳವೆಂದು ತಿಳಿದದ್ದು ಹೊಗಳಿಕೆಯಾಗಿತ್ತು. ಜೀವಮಾನವೆಲ್ಲ ಮೆಣಸಿನಕಾಯಿಯ ಬಣ್ಣ ನೋಡಿ ದರ ಬರೆದ ಮನುಷ್ಯ ಅದಕ್ಕಿಂತ ದೊಡ್ಡ ಮಾತನ್ನು ಹೇಗೆ ಹೇಳಿಯಾರು? ಬ್ಯಾಡಗಿಯಲ್ಲಿ ಹುಟ್ಟಿದ ನನಗೆ ಅದು ತಿಳಿಯಲಿಲ್ಲ.

ಇನ್ನೊಂದು ದಿನ ಪದ ಮುಗಿದ ಮೇಲೆ ತಾವೇ ನಕ್ಕರು. ಆ ಪದದಲ್ಲಿ ಕತ್ತಲಲ್ಲಿ ಮೇಲೇರಲು ತನ್ನಿಂದಾಗದೆಂದು ಶರೀಫರು ಹೇಳಿಕೊಳ್ಳುವ ಮಾತೊಂದಿದೆ. “ನಲವತ್ತು ವರ್ಷ ಅದನ್ನ ಹಾಡೀನಿ ನೋಡು. ಕತ್ತಲದಾಗ ಹತ್ತಬ್ಯಾಡಂತ ಅಜ್ಜ ಮೊದಲ ಹೇಳಿದ್ದ. ನಾ ಕೇಳಲಿಲ್ಲ” ಎಂದರು. ಆಗ ನಾನು ಬಾಯಿಬಿಡಬೇಕಿತ್ತು. ತಪ್ಪು ನಿಮ್ಮದಲ್ಲ, ಬೇಕೆಂದೇ ಮಣ್ಣು ಹಾಕಿಸದ ನನ್ನದು ಎನ್ನಬೇಕಿತ್ತು. ಕ್ಯಾಸೆಟ್ ತಿರುಗಿಸಿ ಹಾಕುವ ನೆವದಿಂದ ಎದ್ದುಹೋದೆ. 1996ರ ಶ್ರಾವಣದಲ್ಲಿ ಅಪ್ಪ ತೀರಿಕೊಂಡರು.

ಅಶ್ವಥ್ ಅವರನ್ನು ನಾನು ಒಮ್ಮೆಯೂ ಕಣ್ಣಾರೆ ಕಾಣಲಿಲ್ಲ. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆದಾಗ ಜನಸಾಗರವೇ ಸೇರಿತ್ತು. ಹೋಗಬೇಕೆಂದಿದ್ದೆ. ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆಗಳ ಮೌಲ್ಯಮಾಪನದ ಕರ್ತವ್ಯ ಬಿತ್ತು. ಮುಂದೊಮ್ಮೆ ನೋಡಿದರಾಯಿತು ಎಂದು ಸುಮ್ಮನಾದೆ. ಆ ‘ಮುಂದೊಮ್ಮೆ’ ಬರಲಿಲ್ಲ. 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ಅವರು ತೀರಿಕೊಂಡ ಸುದ್ದಿ ಟಿ.ವಿ.ಯಲ್ಲಿ ಬಂತು. ಶರೀಫರೂ ಹುಟ್ಟಿದ ದಿನವೇ ದೇಹ ಬಿಟ್ಟರೆಂದು ನಮ್ಮ ಕಡೆ ಹೇಳುತ್ತಾರೆ. ಹಾಡಿಸಿಕೊಂಡವರಿಗೂ ಹಾಡಿದವರಿಗೂ ಇಂಥದೊಂದು ಹೋಲಿಕೆ ಇದ್ದೀತೇ ಎಂದು ಬೆರಗಾಯಿತು.

ಅವ್ವ ಆಗ ನಮ್ಮ ಜೊತೆಯಲ್ಲಿದ್ದಳು. ಟಿ.ವಿ.ಯ ಮುಂದೆ ಕುಳಿತಿದ್ದವಳು, “ನಿಮ್ಮಪ್ಪ ಕೇಳ್ತಿದ್ದ ಹಾಡಿನಾವ ಹೋದನೇನು?” ಎಂದಳು. ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕಡೆ ನೋಡದೆಯೇ ಹೇಳಿದಳು:

“ನಿಮ್ಮಪ್ಪಗ ಗೊತ್ತಿತ್ತು ತಮ್ಮಾ. ‘ಮಾಳಿಗಿ ಸೋರಲಿ ಅಂತ ಮಗ ದಾರಿ ಕಾಯಾಕತ್ತಾನ. ಅಂವಗ ನಮ್ಮ ಚಿಂತಿ’ ಅಂತ ಅಂದಿದ್ರು. ಅಂದ ಮ್ಯಾಲೂ ನಿಚ್ಚಣಕಿ ಹತ್ತಿದ್ರು.”

ಹದಿನೈದು ವರ್ಷ ನಾನು ಗುಟ್ಟೆಂದು ಬಚ್ಚಿಟ್ಟುಕೊಂಡದ್ದು ಗುಟ್ಟೇ ಆಗಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು. ನನ್ನ ಲೆಕ್ಕವನ್ನು ಅವರು ಮೋಸವೆಂದು ಕಾಣದೆ, ಮಗನ ಚಿಂತೆಯೆಂದು ತಿಳಿದುಕೊಂಡಿದ್ದರು. ಕತ್ತಲಲ್ಲಿ ಹತ್ತಿದ ತಪ್ಪನ್ನು ಅಪ್ಪ ತಮ್ಮ ತಲೆಯ ಮೇಲೆ ಹಾಕಿಕೊಂಡು ನಕ್ಕದ್ದು ನನ್ನನ್ನು ಬಿಡಿಸುವುದಕ್ಕಾಗಿಯೇ ಇರಬೇಕು. ಆ ರಾತ್ರಿ ಎಲ್ಲ ವಾಹಿನಿಗಳಲ್ಲಿಯೂ ಅಶ್ವಥ್ ಅವರ ಹಾಡುಗಳು ಬರುತ್ತಿದ್ದವು. ಮಾಳಿಗೆಯ ಪದ ಬಂದಾಗ ನಾನು ಅಂಗಳಕ್ಕೆ ಹೋಗಿ ನಿಂತೆ.

ಆಮೇಲೆ 2019ರಲ್ಲಿ ನಿವೃತ್ತನಾಗುವವರೆಗೆ ಆ ಪದವನ್ನು ಬೇರೆ ರೀತಿಯಲ್ಲಿ ಹೇಳಿಕೊಟ್ಟೆ. ಮನೆ ಎಂದರೆ ದೇಹ ಎಂದು ಮೊದಲೇ ಬರೆಯುವುದನ್ನು ಬಿಟ್ಟೆ. “ಯಾರ ಮನೆ ಸೋರುತ್ತದೆ, ಕೈ ಎತ್ತಿರಿ” ಎಂದು ಕೇಳುತ್ತಿದ್ದೆ. ಮೊದಮೊದಲು ಅರ್ಧ ತರಗತಿ ಕೈ ಎತ್ತುತ್ತಿತ್ತು. “ಯಾರು ರಿಪೇರಿ ಮಾಡುತ್ತಾರೆ?” ಎಂದರೆ ಅಪ್ಪ, ಅಜ್ಜ, ಕಾಕಾ ಎನ್ನುತ್ತಿದ್ದರು. “ನೀವು ಯಾವಾಗ ಮಾಡುತ್ತೀರಿ?” ಎಂದು ಕೇಳಿ ಪಾಠ ಶುರು ಮಾಡುತ್ತಿದ್ದೆ. ಬರುಬರುತ್ತ ಕೈಗಳು ಕಡಿಮೆಯಾದವು. ಕೊನೆಯ ವರ್ಷಗಳಲ್ಲಿ ಜಂತಿ ಎಂದರೇನು ಎಂದು ಚಿತ್ರ ಬರೆದು ತೋರಿಸಬೇಕಾಯಿತು. ಮಕ್ಕಳ ಮನೆಗಳು ಗಟ್ಟಿಯಾದುದಕ್ಕೆ ಸಂತೋಷಪಟ್ಟೆ.

ಬ್ಯಾಡಗಿಯ ಮನೆಯನ್ನು 1998ರಲ್ಲಿ ಮಾರಿದೆವು. ಅವ್ವ 2013ರಲ್ಲಿ ಹೋದಳು. ಅಲ್ಲಿಂದ ನಾನು ತಂದದ್ದು ಸಾಗುವಾನಿಯ ಆ ನಿಚ್ಚಣಿಕೆಯೊಂದನ್ನೇ. ಮೆಟ್ಟಿಲಿಲ್ಲದ ನಮ್ಮ ಮನೆಗೆ ಅದು ಇಂದಿಗೂ ಮೆಟ್ಟಿಲು.

ಈಗ ಹಾವೇರಿಯ ಈ ಮನೆಗೂ ಮೂವತ್ತು ದಾಟಿದೆ. ಹೋದ ಮಳೆಗಾಲದಲ್ಲಿ ಮಲಗುವ ಕೋಣೆಯ ಮೂಲೆಯಲ್ಲಿ ತೇವ ಕಾಣಿಸಿ, ಆಮೇಲೆ ಹನಿಯತೊಡಗಿತು. ಪರಾತ ಇಟ್ಟೆ. ಬಹಳ ವರ್ಷಗಳ ಮೇಲೆ ಆ ಸದ್ದು ಕೇಳಿದೆ. ಬೆಂಗಳೂರಿನಲ್ಲಿರುವ ಮಗನಿಗೆ ತಿಳಿಸಿದಾಗ, “ಅಪ್ಪಾ, ಆ ಮನಿಗೆ ಇನ್ನ ರೊಕ್ಕ ಹಾಕಬ್ಯಾಡ್ರಿ. ಇಲ್ಲೇ ಬಂದುಬಿಡ್ರಿ” ಎಂದ. ನನಗೆ ನಗು ಬಂತು. ಅವನಿಗೆ ಅಜ್ಜನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ಇಲ್ಲಿ ನಿಮಗೆ ಹೇಳಿದಂತೆಯೇ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ.

ಮುಂದಿನ ಶನಿವಾರ ಮಗ ಬಂದ. ಗೌಂಡಿಯನ್ನು ಕರೆದುಕೊಂಡು ತಾನೂ ಮೇಲೆ ಹತ್ತಿದ. ಬಿರುಕುಗಳನ್ನು ಕೆತ್ತಿ ತುಂಬಿಸಿ, ನೀರು ಇಳಿಯದ ಗಾರೆ ಹಾಕಿಸಿ, ಎರಡು ದಿನ ಇದ್ದು ಹೋದ. ಅವನು ಹತ್ತಿ ಇಳಿಯುವಾಗಲೆಲ್ಲ ನಾನು ಕೆಳಗೆ ನಿಂತು ನಿಚ್ಚಣಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಹಾಡುಹಗಲು, ಬಿಸಿಲು ಚೆನ್ನಾಗಿತ್ತು. ಆದರೂ ಹಿಡಿದುಕೊಂಡಿದ್ದೆ.

ನಿಮ್ಮ ಹಿರಿಯರ ಮನೆ ಎಲ್ಲಿಯಾದರೂ ಸೋರುತ್ತಿದ್ದರೆ ಈ ವರ್ಷದ ಮಳೆಗಿಂತ ಮೊದಲೇ ಒಮ್ಮೆ ಹೋಗಿ ಬನ್ನಿ. ನಿಮ್ಮ ಹಳೆಯ ಮಾಸ್ತರನ ಮಾತು ಇಷ್ಟೇ.